ಹಿಂಬಾಗಿಲಿಲ್ಲದ ಗೋಪುರ

ವಾಸ್ತುಶಿಲ್ಪ ಓದುತ್ತಿರುವ ಹುಡುಗನೊಬ್ಬ ತನ್ನ ಕೊನೆಯ ವರ್ಷದ ಪ್ರಾಜೆಕ್ಟನ್ನು ನನಗೆ ತೋರಿಸಿದ. ಕಾರ್ಪೊರೇಟ್ ಅಧಿಕಾರವನ್ನು ಕಟ್ಟಡದ ಮೂಲಕ ಹೇಳುವುದು ಹೇಗೆ ಎಂಬುದು ಅವನ ವಿಷಯ. ಅದಕ್ಕಾಗಿ ಕಂಪ್ಯೂಟರಿನೊಳಗೆ ಒಂದು ಕಂಪನಿಯ ಗೋಪುರ ಕಟ್ಟಿದ್ದಾನೆ. ಇದಕ್ಕೂ ದಲಿತ ವಿಮರ್ಶೆಗೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಕಟ್ಟಡವೂ ಒಂದು ಪಠ್ಯವೇ. ಊರು, ಕೇರಿ ಅನ್ನೋ ಪಠ್ಯವನ್ನು ನಡೆದೇ ಓದಿದವರು ನಾವು. ಇದನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ಹುಡುಗನ ಕೆಲಸ ಚೆನ್ನಾಗಿದೆ. ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿದ್ದರಿಂದ ನೋಡುವವನು ಇರುವೆಯಷ್ಟಾಗುತ್ತಾನೆ. ಗಾಜು ಹೊರಗಿನವನಿಗೆ ಅವನ ಮುಖವನ್ನೇ ತೋರಿಸುತ್ತೆ. ದೊಡ್ಡ ಹಜಾರದಲ್ಲಿ ಒಂದೇ ಒಂದು ಮೇಜು. ಜಾಗವನ್ನು ಖಾಲಿ ಬಿಡುವ ತಾಕತ್ತೇ ಯಜಮಾನಿಕೆ ಎಂಬ ಪಾಠ ಅವನಿಗೆ ಗೊತ್ತು. ನ್ಯೂಯಾರ್ಕಿನಲ್ಲಿ 1958ರಲ್ಲಿ ಮುಗಿದ ಸೀಗ್ರಾಮ್ ಕಟ್ಟಡ ಕಲಿಸಿದ್ದೂ ಇದನ್ನೇ. ವಿಸ್ಕಿ ಕಂಪನಿಗಾಗಿ ಮೀಸ್ ವಾನ್ ಡೆರ್ ರೋಹೆ ಮಾಡಿದ 38 ಅಂತಸ್ತಿನ ಆ ಕಟ್ಟಡ, ದುಬಾರಿ ಬೀದಿಯ ಮಗ್ಗುಲಲ್ಲಿ ಅಂಗಳ ಬಿಟ್ಟು ಹಿಂದೆ ಸರಿದು ನಿಂತಿದೆ. ಅದರ ಹೊರಮೈಯ ಕಂಚಿನ ಪಟ್ಟಿಗಳು ಕಟ್ಟಡದ ಭಾರ ಹೊರುವುದಿಲ್ಲ. ಹೊರುವ ಉಕ್ಕು ಕಾಂಕ್ರೀಟಿನೊಳಗೆ ಮುಚ್ಚಿಹೋಗಿದೆ. ನಮಗಿದು ಹೊಸ ಕಥೆಯಲ್ಲ.

ನನ್ನ ತಕರಾರು ಬೇರೆ. ಈ ಗೋಪುರಕ್ಕೆ ಹಿಂಬಾಗಿಲೇ ಇಲ್ಲ. ಕಕ್ಕಸಿನ ಕೊಳವೆ ಎಲ್ಲಿಗೆ ಹೋಗುತ್ತಪ್ಪಾ ಅಂತ ಕೇಳಿದೆ. "ಅದು ಬೇರೆ ಲೇಯರ್‌ನಲ್ಲಿದೆ ಸಾರ್, ಆಫ್ ಮಾಡಿದೀನಿ" ಅಂದ. ನಕ್ಷೆ ಬರೆಯುವ ತಂತ್ರಾಂಶದಲ್ಲಿ ಗೋಡೆ, ವೈರು, ಚರಂಡಿ ಒಂದೊಂದೂ ಒಂದೊಂದು ಲೇಯರ್, ಬೇಡವಾದ್ದನ್ನು ಮರೆಮಾಡಬಹುದು. ಎಲ್ಲರೂ ಮಾಡುವುದೇ. ಆದರೆ ಮೊದಲು ಮರೆಯಾಗುವುದು ಯಾವುದು ಅನ್ನೋದು ನನ್ನ ಪ್ರಶ್ನೆ. ಚಿತ್ರದ ತುಂಬ ಕೋಟು ಹಾಕಿದವರು ಓಡಾಡುತ್ತಾರೆ, ಪೊರಕೆ ಹಿಡಿದವರು ಒಬ್ಬರೂ ಇಲ್ಲ. ಆದರೂ ನೆಲ ಮಾತ್ರ ಥಳಥಳ.

ಅಹಮದಾಬಾದಿನ ಐಐಎಂ ವಿನ್ಯಾಸ ಮಾಡಿದ ಲೂಯಿ ಕಾನ್, ಕಟ್ಟಡದ ಜಾಗಗಳನ್ನೇ ಸೇವೆ ಪಡೆಯುವವು, ಸೇವೆ ಮಾಡುವವು ಎಂದು ವಿಂಗಡಿಸಿದ. ಲಂಡನ್ನಿನ ಲಾಯ್ಡ್ಸ್ ವಿಮಾ ಕಟ್ಟಡ 1986ರಲ್ಲಿ ಕೊಳವೆ, ಲಿಫ್ಟು, ಮೆಟ್ಟಿಲುಗಳನ್ನು ಹೊರಗೇ ಕಾಣುವಂತೆ ಇಟ್ಟಿತು. ಕರುಳು ಕಂಡಿತು, ತೊಳೆಯುವ ಕೈ ಕಾಣಲಿಲ್ಲ. ನಮ್ಮಲ್ಲಿ ಆ ಕೈಗೆ ಜಾತಿಯಿದೆ. ರಕ್ಷಣೆಯಿಲ್ಲದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸಬಾರದೆಂದು 2013ರ ಕಾಯಿದೆ ಹೇಳಿತು. ಆಮೇಲೂ ಸಾವು ನಿಂತಿಲ್ಲ.

ಹಾಗಂತ ಚಿತ್ರದೊಳಗೆ ಪೊರಕೆಯ ಹೆಂಗಸೊಬ್ಬಳನ್ನು ಅಂಟಿಸಿಬಿಟ್ಟರೆ ಅದು ಕರುಣೆಯಾದೀತೇ ಹೊರತು ವಿಮರ್ಶೆಯಾಗದು. ಹುಡುಗ ಎತ್ತರವನ್ನೇ ಅಧಿಕಾರ ಅಂದುಕೊಂಡಿದ್ದಾನೆ. ಕೇರಿಯನ್ನು ಊರಾಚೆ ಇಟ್ಟವರಿಗೆ ಗೋಪುರ ಬೇಕಾಗಿರಲಿಲ್ಲ, ಯಾರು ಎಲ್ಲಿಯವರೆಗೆ ಬರಬಹುದು ಅನ್ನೋ ಒಂದು ಗೆರೆ ಸಾಕಾಗಿತ್ತು. ಕಂಪನಿಗೂ ಆ ಗೆರೆ ಬೇಕು. ಅದನ್ನು ತೋರಿಸಬೇಕಾದರೆ ಅವನು ಅದೇ ಕ್ಯಾಮೆರಾವನ್ನು ಹಿಂದಿನ ಗೇಟಿನಲ್ಲಿಟ್ಟು ಬೆಳಗಿನ ಆರು ಗಂಟೆಯಿಂದ ನಡೆಸಲಿ: ಚೀಲದ ತಪಾಸಣೆ, ಸಾಮಾನಿನ ಲಿಫ್ಟು, ಮೆಟ್ಟಿಲ ಕೆಳಗೆ ಊಟದ ಡಬ್ಬಿ ಬಿಚ್ಚುವ ಮೂಲೆ, ಕೊನೆಗೆ ಕೊಳಚೆ ಗುಂಡಿ.

ಕೇರಿಗಳಿಂದ ಈ ಕಾಲೇಜುಗಳಿಗೆ ಹೋಗಿರುವ ನಮ್ಮ ಹುಡುಗ ಹುಡುಗಿಯರಿಗೂ ಈ ಮಾತು. ಇವತ್ತು ಪರದೆಯ ಮೇಲಿರುವುದು ನಾಳೆ ಸಿಮೆಂಟಾಗುತ್ತೆ. ಗುಂಡಿಗೆ ಯಾರೂ ಇಳಿಯದಂತೆ ಕಟ್ಟುವ ಕೆಲಸ ನಕ್ಷೆಯಲ್ಲೇ ಶುರುವಾಗಬೇಕು. ಅದಕ್ಕೆ ಮೊದಲು ಆ ಲೇಯರನ್ನು ಆನ್ ಮಾಡಿ.