ಹೀನಾಕ್ಷರ, ಅಧಿಕಾಕ್ಷರ: ನಮ್ಮ ಚರ್ಚಾಪತ್ರಗಳ ಒಂದು ವಿಮರ್ಶೆ

ಪ್ರತಿವರ್ಷ ಜ್ಯೇಷ್ಠ ಶುಕ್ಲ ಪಂಚಮಿಯಂದು ನಮ್ಮ ಬಸದಿಗಳಲ್ಲಿ ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಶಾಸ್ತ್ರಗಳನ್ನು ಪೀಠದ ಮೇಲಿರಿಸಿ ಪೂಜಿಸುತ್ತೇವೆ. ಪ್ರವಚನಕಾರರು ಧರಸೇನಾಚಾರ್ಯರ ಕಥೆಯನ್ನು ಹೇಳುತ್ತಾರೆ. ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ನಿರೂಪಿಸಿರುವ ಆ ಪ್ರಸಂಗವು ಸುಜ್ಞ ವಾಚಕರಿಗೆ ಪರಿಚಿತವೇ ಆಗಿದೆ. ತಮ್ಮಲ್ಲಿ ಶ್ರುತಾಭ್ಯಾಸಕ್ಕೆ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲೆಂದು ಆಚಾರ್ಯರು ಒಬ್ಬರಿಗೆ ಒಂದಕ್ಷರ ಹೆಚ್ಚಾಗಿದ್ದ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾಗಿದ್ದ ಮಂತ್ರವನ್ನು ಕೊಟ್ಟರು. ಸಾಧನೆಯ ಕೊನೆಗೆ ಒಬ್ಬ ದೇವತೆ ಹಲ್ಲು ಹೊರಚಾಚಿದವಳಾಗಿ, ಮತ್ತೊಬ್ಬಳು ಒಕ್ಕಣ್ಣಿನವಳಾಗಿ ಕಾಣಿಸಿಕೊಂಡರು. ಇದು ದೇವತೆಗಳ ಸ್ವಭಾವವಲ್ಲವೆಂದು ತಿಳಿದ ಮುನಿಗಳು ತಮ್ಮ ಮಂತ್ರಗಳನ್ನೇ ಪರಿಶೀಲಿಸಿ, ಹೆಚ್ಚಾದುದನ್ನು ತೆಗೆದು, ಕೊರತೆಯಾದುದನ್ನು ತುಂಬಿ ಮರಳಿ ಜಪಿಸಿದಾಗ ದೇವತೆಗಳು ತಮ್ಮ ನಿಜರೂಪದಲ್ಲಿ ಬಂದರು. ಆಚಾರ್ಯರು ಶ್ರುತವನ್ನು ಕಲಿಸಿದ್ದು ಅದಾದ ಮೇಲೆ. ಆ ಇಬ್ಬರು ಮುನಿಗಳೇ ಷಟ್ಖಂಡಾಗಮವನ್ನು ನಮಗಿತ್ತ ಪುಷ್ಪದಂತ ಮತ್ತು ಭೂತಬಲಿಗಳು.

ಈ ಕಥೆಯನ್ನು ಭಕ್ತಿಯಿಂದ ಕೇಳುವ ನಾವು ಪರಸ್ಪರ ಬರೆಯುವ ಬರಹ ಯಾವ ರೂಪದಲ್ಲಿದೆ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಬಸದಿಗಳ ಪತ್ರವ್ಯವಹಾರವನ್ನು ಮೂರು ದಶಕಗಳಿಗೂ ಮಿಕ್ಕಿ ಓದುತ್ತ ಬಂದವನು ನಾನು. ಟ್ರಸ್ಟಿಗೆ ಬಂದ ಅರ್ಜಿಗಳು, ಅವುಗಳಿಗೆ ಹೋದ ಉತ್ತರಗಳು, ಪಂಚಕಲ್ಯಾಣದ ಖರ್ಚಿನ ಬಗೆಗಿನ ಕರಪತ್ರಗಳು, ಅಭಿಷೇಕದ ವಿಧಿಯ ಕುರಿತಾದ ಖಂಡನೆ-ಮಂಡನೆಗಳು, ಈಚೆಗೆ ಮೊಬೈಲಿನಲ್ಲಿ ಹರಿದಾಡುವ ದೀರ್ಘ ಸಂದೇಶಗಳು, ಇವೆಲ್ಲ ನನ್ನ ಕಣ್ಣ ಮುಂದಿವೆ. ಇವುಗಳನ್ನು ಸಾಹಿತ್ಯವೆಂದು ಯಾರೂ ವಿಮರ್ಶಿಸುವುದಿಲ್ಲ. ಆದರೆ ಸಮಾಜದ ಅನೇಕ ನಿರ್ಣಯಗಳು ಇಂತಹ ಬರಹಗಳಿಂದಲೇ ಆಗುತ್ತವೆ, ಇವುಗಳಿಂದಲೇ ಕೆಡುತ್ತವೆ. ಆದಕಾರಣ ಇವು ವಿಮರ್ಶೆಗೆ ಯೋಗ್ಯವೆಂದು ನನ್ನ ಭಾವನೆ.

ಮೊದಲು ಗಾತ್ರದ ವಿಚಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೂ ಒಂದು. ಕೊಡುವಾಗ ಕಡಿಮೆ ಅಳೆಯುವುದು, ಕೊಳ್ಳುವಾಗ ಹೆಚ್ಚು ಅಳೆಯುವುದು ಎಂದು ಇದರ ಅರ್ಥ. ತಕ್ಕಡಿ ಹಿಡಿದು ಬದುಕಿದ ನನಗೆ ಈ ಮಾತು ಬರಹಕ್ಕೂ ಸಲ್ಲುತ್ತದೆಂದು ತೋರುತ್ತದೆ. ಬರೆಯುವವನು ವಿಷಯವನ್ನು ಕೊಡುತ್ತಾನೆ, ಓದುವವನ ಸಮಯವನ್ನು ಕೊಳ್ಳುತ್ತಾನೆ. ಕೊಡುವ ವಿಷಯ ಅರ್ಧ ಪುಟದಷ್ಟಿದ್ದು ಕೊಳ್ಳುವ ಸಮಯ ಎಂಟು ಪುಟದಷ್ಟಾದರೆ ಆ ತೂಕ ಸರಿಯೆನ್ನಬಹುದೇ?

ನಮ್ಮ ಪತ್ರಗಳ ರಚನೆಯನ್ನು ನೋಡಿರಿ. ಒಂದು ಪುಟ ಮಂಗಲಾಚರಣೆಗೆ ಮತ್ತು ಬಿರುದುಗಳಿಗೆ, ಒಂದು ಪುಟ ತನ್ನ ಮನೆತನ ಬಸದಿಗೆ ಮಾಡಿದ ದಾನಧರ್ಮಗಳಿಗೆ, ಎರಡು ಪುಟ ಹಿಂದಿನ ಕಮಿಟಿಯ ದೋಷಗಳಿಗೆ ಹೋಗುತ್ತವೆ. ನಿಜವಾದ ಬೇಡಿಕೆಯು ಕೊನೆಯ ಪುಟದ ಅಂಚಿನಲ್ಲಿ ಇರುತ್ತದೆ. ಅಷ್ಟು ದೂರ ಬರುವಷ್ಟರಲ್ಲಿ ಓದುಗನು ದಣಿದಿರುತ್ತಾನೆ, ಇಲ್ಲವೆ ಸಿಟ್ಟಾಗಿರುತ್ತಾನೆ.

ಹಾಗೆಂದು ಚಿಕ್ಕದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹಿತ-ಮಿತ-ಪ್ರಿಯ ಎನ್ನುವಲ್ಲಿ ‘ಮಿತ’ವೆಂದರೆ ಅಳತೆಗೆ ಒಳಪಟ್ಟದ್ದು. ಅದಕ್ಕೆ ಅಲ್ಪವೆಂಬ ಅರ್ಥವನ್ನಷ್ಟೇ ಕೊಟ್ಟರೆ ಸಾಲದು. ದಿಗಂಬರ ಪಾಠದಂತೆ ತತ್ತ್ವಾರ್ಥಸೂತ್ರವು 357 ಸೂತ್ರಗಳಲ್ಲಿ ಮುಗಿಯುತ್ತದೆ. ಧವಲಾ ಟೀಕೆಯ ಪ್ರಮಾಣವನ್ನು 72,000 ಶ್ಲೋಕಗಳೆಂದು ಎಣಿಸುತ್ತಾರೆ. ಎರಡೂ ಮಿತವೇ. ಕಂಠಸ್ಥ ಮಾಡಲು ಹುಟ್ಟಿದ ಗ್ರಂಥಕ್ಕೆ ಒಂದು ಅಳತೆ, ಸಂದೇಹಗಳನ್ನು ಒಂದೊಂದಾಗಿ ಬಿಡಿಸಲು ಹುಟ್ಟಿದ ಗ್ರಂಥಕ್ಕೆ ಇನ್ನೊಂದು. ವ್ಯಾಪಾರದಲ್ಲಿಯೂ ಹೀಗೆಯೇ. 2013ರ ಜುಲೈಯಲ್ಲಿ ನಿಂತುಹೋದ ತಂತಿ ಸೇವೆಯಲ್ಲಿ ಪದಗಳನ್ನು ಎಣಿಸಿ ಹಣ ಕೊಡಬೇಕಾಗಿತ್ತು, ಹೀಗಾಗಿ ಯಾರೂ ಒಂದು ಪದವನ್ನೂ ಹೆಚ್ಚು ಬರೆಯುತ್ತಿರಲಿಲ್ಲ. ಆದರೆ ಹಳೆಯ ಹುಂಡಿಯಲ್ಲಿ ಮೊತ್ತವನ್ನು ಹೇಳಿದ ಮೇಲೆ ಅದರ ಅರ್ಧವೆಷ್ಟು, ಆ ಅರ್ಧದ ಇಮ್ಮಡಿಯೆಷ್ಟು ಎಂದು ಪುನಃ ಬರೆಯುತ್ತಿದ್ದರು. ಯಾರೂ ಅಂಕಿಯನ್ನು ತಿದ್ದಬಾರದೆಂಬ ಎಚ್ಚರಕ್ಕಾಗಿ ಈ ಪುನರುಕ್ತಿ. ಓದುವವನ ಹಿತಕ್ಕಾಗಿ ಬರೆದ ಹೆಚ್ಚಿನ ಮಾತು ಅಧಿಕವೆನಿಸದು. ಬರೆಯುವವನ ಪ್ರತಿಷ್ಠೆಗಾಗಿ ಬರೆದದ್ದು ಮಾತ್ರ ಅಧಿಕ.

ಎರಡನೆಯದು ಅಕ್ಷರಶುದ್ಧಿ. ಮೂಲಾಚಾರದಲ್ಲಿ ಜ್ಞಾನಾಚಾರವನ್ನು ಎಂಟು ವಿಧವಾಗಿ ಹೇಳಿದೆ: ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ ಮತ್ತು ತದುಭಯ. ಇವುಗಳಲ್ಲಿ ವ್ಯಂಜನಾಚಾರವೆಂದರೆ ಅಕ್ಷರಗಳನ್ನು ಲೋಪವಿಲ್ಲದೆ ಶುದ್ಧವಾಗಿ ಪಠಿಸುವುದು. ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನೂ ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದ ಅರಿವು, ಅದರಿಂದ ಮುಕ್ತಿ ಎಂಬ ಸೋಪಾನವನ್ನು ತೋರಿಸಿದ್ದಾನೆ. ಕನ್ನಡಕ್ಕೆ ವ್ಯಾಕರಣಗಳನ್ನು ಕೊಟ್ಟ ಎರಡನೆಯ ನಾಗವರ್ಮ, ಕೇಶಿರಾಜ, 1604ರಲ್ಲಿ ಶಬ್ದಾನುಶಾಸನವನ್ನು ಮುಗಿಸಿದ ಭಟ್ಟಾಕಳಂಕ, ಈ ಮೂವರೂ ಜೈನರು. ಅಂತಹ ಪರಂಪರೆಯ ನಾವು ‘ಸ್ಯಾದ್ವಾದ’ವನ್ನು ‘ಸ್ವಾದ್ವಾದ’ವೆಂದು ಮುದ್ರಿಸಿದರೆ ಅನೇಕಾಂತದ ಮಾತು ನಾಲಿಗೆಯ ರುಚಿಯ ಮಾತಾಗುತ್ತದೆ. ‘ವ್ರತ’ವನ್ನು ‘ವೃತ’ವೆಂದು ಬರೆದರೆ ನಿಯಮವು ಸುತ್ತುವರಿದದ್ದೆಂಬ ಅರ್ಥ ತಾಳುತ್ತದೆ. ‘ಧನ ಸಹಾಯ’ ಹೋಗಿ ‘ದನ ಸಹಾಯ’ವಾದ ಮನವಿಯನ್ನು ನಾನೇ ಕಂಡಿದ್ದೇನೆ.

ಆದರೆ ನಮ್ಮ ಗಡಿಭಾಗದ ತಪ್ಪುಗಳಿಗೆ ಒಂದು ವಿಶೇಷ ಕಾರಣವಿದೆ. ಅದನ್ನು ತಿಳಿಯದೆ ತೀರ್ಪು ಕೊಡುವುದು ಅನ್ಯಾಯ. 1956ರ ನವೆಂಬರ್ 1ರವರೆಗೆ ಈ ಪ್ರದೇಶವು ಮುಂಬಯಿ ರಾಜ್ಯಕ್ಕೆ ಸೇರಿತ್ತು. ನಮ್ಮ ಹಿರಿಯರಲ್ಲಿ ಬಹಳ ಜನ ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿಯನ್ನು ಕಲಿತವರು. ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದವಿಲ್ಲ. ಹೀಗಾಗಿ ಅವರ ಕನ್ನಡದಲ್ಲಿ ‘ಬೇಡ’ವು ‘ಬೆಡ’ವಾಗುತ್ತದೆ, ‘ಕೊಡಿ’ಯು ‘ಕೋಡಿ’ಯಾಗುತ್ತದೆ. ಮತ್ತೆ ಮರಾಠಿಯ ನಿಯಮದಂತೆ ಪದಾಂತ್ಯದ ಇಕಾರ, ಉಕಾರಗಳು ದೀರ್ಘವಾಗಿರುತ್ತವೆ. ಆದುದರಿಂದಲೇ ‘ಮುನೀ’, ‘ಗುರೂ’, ‘ಕವೀ’ ಎಂಬ ರೂಪಗಳು ನಮ್ಮ ಕರಪತ್ರಗಳಲ್ಲಿ ಕಾಣುತ್ತವೆ. ಕನ್ನಡದ ಕಣ್ಣಿಗೆ ತಪ್ಪಾಗಿ ಕಾಣುವ ಈ ರೂಪವು ಇನ್ನೊಂದು ಶಾಲೆಯಲ್ಲಿ ಶ್ರದ್ಧೆಯಿಂದ ಕಲಿತ ಪಾಠ. ಅದರಲ್ಲಿ ಅಲಕ್ಷ್ಯವಿಲ್ಲ. ನಮ್ಮವರು ಕನ್ನಡ ಶಾಲೆಯಲ್ಲಿ ಕಲಿತು ಮರಾಠಿಯಲ್ಲಿ ಬರೆದಾಗ ಅತ್ತ ಕಡೆಯವರಿಗೂ ಇಂತಹವೇ ದೋಷಗಳು ಕಾಣುತ್ತವೆ.

ಈ ತಿಳಿವಳಿಕೆ ನನಗೆ ಬಂದದ್ದು ತಡವಾಗಿ, ಅದೂ ಒಂದು ಹಾನಿಯ ನಂತರ. 1993ರ ಬೇಸಿಗೆಯಲ್ಲಿ ನಾನು ನಮ್ಮೂರ ಬಸದಿಯ ಕಮಿಟಿಗೆ ಕಾರ್ಯದರ್ಶಿಯಾಗಿದ್ದೆನು. ಬಿ.ಕಾಂ. ಪದವಿಯ ಗರ್ವ ಇನ್ನೂ ಇಳಿದಿರಲಿಲ್ಲ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಐದು ಪುಟದ ಪತ್ರ ಬರೆದರು. ಅವರನ್ನು ಊರೆಲ್ಲ ಕಾಕಾ ಎಂದೇ ಕರೆಯುತ್ತಿತ್ತು. ಪತ್ರದ ಮೊದಲಿಗೇ ‘ದಯವಿಟ್ಟು ಪೂರ್ತಿ ಒದಿರಿ’ ಎಂದಿತ್ತು. ನಾನು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಯಾರನ್ನು ಒದೆಯಬೇಕಂತೆ ಎಂದು ಕೇಳಿದೆನು. ಸಭೆ ನಕ್ಕಿತು. ಎರಡನೆಯ ಪುಟದವರೆಗೂ ಅವರ ಅಜ್ಜನ ದಾನದ ವೃತ್ತಾಂತವೇ ಇದ್ದುದರಿಂದ ಮುಂದೆ ಓದದೆ ಪತ್ರವನ್ನು ಕಡತದಲ್ಲಿ ಸೇರಿಸಿದೆನು. ಅಷ್ಟಕ್ಕೆ ಸುಮ್ಮನಿರದೆ, ಓದಿದ ಎರಡು ಪುಟಗಳಲ್ಲಿನ ತಪ್ಪುಗಳನ್ನು ಕ್ರಮಸಂಖ್ಯೆ ಹಾಕಿ ಅವರಿಗೆ ಬರೆದು ಕಳುಹಿಸಿದೆನು. ಕೆಲವು ದಿನಗಳ ನಂತರ ಬಸದಿಯ ಕಟ್ಟೆಯ ಮೇಲೆ ಭೆಟ್ಟಿಯಾದಾಗ ಅವರು, “ತಮ್ಮಾ, ನನ್ನ ಕಾಗದ ಓದಿದ್ಯೋ, ಬರೇ ತಪ್ಪ ಎಣಿಸಿದ್ಯೋ?” ಎಂದಷ್ಟೇ ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಶಾಸ್ತ್ರದ ಕಪಾಟಿನ ಮೇಲಿನ ಮಾಳಿಗೆ ಸೋರಿತು. ಮೇಲಿನ ಹಲಗೆಯಲ್ಲಿದ್ದ ಎರಡು ಹಸ್ತಪ್ರತಿಯ ಕಟ್ಟುಗಳು ನೆನೆದು, ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾದವು. ಯಾದಿ ಮಾಡಿರಲಿಲ್ಲವಾದುದರಿಂದ ಅವು ಯಾವ ಗ್ರಂಥಗಳೆಂಬುದು ಇಂದಿಗೂ ತಿಳಿಯದು. ಆಗ ಯಾರೋ ನೆನಪಿಸಲು ಕಾಕಾರ ಪತ್ರವನ್ನು ತೆಗೆದು ನೋಡಿದೆವು. ಐದನೆಯ ಪುಟದ ಕೊನೆಯಲ್ಲಿ, ಕಪಾಟಿನ ಮೇಲಿನ ಮಾಳಿಗೆಯಲ್ಲಿ ಬಿರುಕು ಬಿಟ್ಟಿದೆ, ಮಳೆಗಿಂತ ಮೊದಲು ದುರಸ್ತಿ ಮಾಡಿಸಬೇಕು ಎಂದು ಬರೆದಿದ್ದರು. ಆ ಸಾಲಿನಲ್ಲಿಯೂ ಎರಡು ಕಾಗುಣಿತದ ತಪ್ಪುಗಳಿದ್ದವು. ಅರ್ಥದಲ್ಲಿ ತಪ್ಪಿರಲಿಲ್ಲ.

ಈ ಪ್ರಸಂಗದಲ್ಲಿ ದೋಷ ಯಾರದು? ಹೇಳಬೇಕಾದುದನ್ನು ಐದನೆಯ ಪುಟಕ್ಕೆ ತಳ್ಳಿದ್ದು ಕಾಕಾರ ದೋಷ, ಅದು ಅಧಿಕಾಕ್ಷರ. ಆದರೆ ನನ್ನ ದೋಷ ಅದಕ್ಕಿಂತ ದೊಡ್ಡದು. ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳ ಜೊತೆಗೆ ಹಾಸ್ಯವನ್ನೂ ಬಿಡಬೇಕೆಂದು ಹೇಳಿದೆ. ಹಾಸ್ಯವು ಸತ್ಯಕ್ಕೆ ಹೇಗೆ ಬಾಧಕವೆಂದು ಯೌವನದಲ್ಲಿ ನನಗೆ ಅರ್ಥವಾಗಿರಲಿಲ್ಲ. ನಾವು ನಕ್ಕದ್ದರಿಂದ ಒಂದು ಸತ್ಯ ಕೇಳಿಸದೆ ಹೋಯಿತು. ಧರಸೇನರ ಶಿಷ್ಯರು ಒಕ್ಕಣ್ಣಿನ ದೇವತೆಯನ್ನು ನೋಡಿ ನಗಲಿಲ್ಲ, ತಮ್ಮ ಮಂತ್ರವನ್ನು ಪರಿಶೀಲಿಸಿದರು. ನಾನು ಪರಿಶೀಲಿಸಬೇಕಾದುದು ನನ್ನ ಓದನ್ನು.

ಇದರಿಂದ ಮೂರನೆಯ ವಿಚಾರಕ್ಕೆ, ಅಂದರೆ ಬರಹದ ಶಿಷ್ಟಾಚಾರಕ್ಕೆ ಬರುತ್ತೇವೆ. ನಮ್ಮಲ್ಲಿ ವಿನಯವೆಂದರೆ ಬಿರುದುಗಳೆಂದು ತಿಳಿದಂತಿದೆ. ಪೂಜ್ಯರ ಹೆಸರಿನ ಹಿಂದೆ 108, 105 ಸಂಖ್ಯೆಗಳನ್ನು ತಪ್ಪದೆ ಬರೆಯುವ ಲೇಖನಿಯೇ ಮುಂದಿನ ಸಾಲಿನಲ್ಲಿ ಭಿನ್ನಾಭಿಪ್ರಾಯವುಳ್ಳ ಶ್ರಾವಕನನ್ನು ಮಿಥ್ಯಾದೃಷ್ಟಿ ಎಂದು ಜರೆಯುತ್ತದೆ. ಸಹಿಯಿಲ್ಲದ ಕರಪತ್ರಗಳನ್ನು ರಾತ್ರೋರಾತ್ರಿ ಹಂಚುತ್ತಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಎಂದು ಸುಳ್ಳು ಬರಹವನ್ನು ಪ್ರತ್ಯೇಕವಾಗಿಯೇ ಹೆಸರಿಸಿರುವುದನ್ನು ಇವರು ಮರೆತಿದ್ದಾರೆ. ಇನ್ನು ಕೆಲವರು ಮತ್ತೊಬ್ಬರ ಬರಹವನ್ನು ತಮ್ಮದೆಂಬಂತೆ ಮುಂದಕ್ಕೆ ಕಳುಹಿಸುತ್ತಾರೆ. ಕಲಿಸಿದವರ ಹೆಸರನ್ನು ಮರೆಮಾಚದಿರುವುದೇ ಅನಿಹ್ನವ. ಸ್ಯಾದ್ವಾದವನ್ನು ವೇದಿಕೆಯ ಮೇಲೆ ಹೊಗಳಿ, ಎದುರಿನವನ ಪಕ್ಷವನ್ನು ಅವನು ಒಪ್ಪುವಂತೆ ಒಂದು ಸಾಲಿನಲ್ಲಿಯೂ ಹೇಳಲಾರದೆ ಹೋದರೆ ಆ ಹೊಗಳಿಕೆ ವ್ಯರ್ಥ.

ತಿದ್ದುವುದಕ್ಕೂ ಒಂದು ಕ್ರಮವಿದೆ. ಅದನ್ನು ಹೊರಗೆ ಹುಡುಕಬೇಕಾಗಿಲ್ಲ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಎ. ಎನ್. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ ಪ್ರಾಕೃತ ಗ್ರಂಥಗಳ ಸಂಪಾದನೆಗೆ ಜೀವನವನ್ನು ಮುಡಿಪಿಟ್ಟವರು. 1935ರಲ್ಲಿ ಪ್ರಕಟವಾದ ಅವರ ಪ್ರವಚನಸಾರಕ್ಕೆ ನೂರು ಪುಟಗಳನ್ನು ಮೀರಿದ ಪ್ರಸ್ತಾವನೆ ಇದೆ. ಕುಂದಕುಂದಾಚಾರ್ಯರ ಕಾಲ, ಕೃತಿ, ಭಾಷೆಗಳನ್ನು ನಿರ್ಣಯಿಸಲು ಅಷ್ಟು ವಿಸ್ತಾರ ಬೇಕಾಗಿತ್ತು. ಇಂತಹ ಸಂಪಾದಕನು ಲಿಪಿಕಾರನ ತಪ್ಪನ್ನು ಕಂಡರೆ ಶುದ್ಧಪಾಠವನ್ನು ಮೇಲೆ ಕೊಟ್ಟು, ಪ್ರತಿಯಲ್ಲಿದ್ದ ಪಾಠವನ್ನು ಅಡಿಯಲ್ಲಿ ದಾಖಲಿಸುತ್ತಾನೆ. ತಪ್ಪನ್ನು ಮುಚ್ಚುವುದಿಲ್ಲ, ಲಿಪಿಕಾರನನ್ನು ಬಯ್ಯುವುದೂ ಇಲ್ಲ. ಲಿಪಿಕಾರರೂ ಗ್ರಂಥದ ಕೊನೆಯಲ್ಲಿ, ಬೆನ್ನು ಬಾಗಿಸಿ ಕಷ್ಟದಿಂದ ಬರೆದಿದ್ದೇವೆ, ದೋಷವಿದ್ದರೆ ಸಜ್ಜನರು ತಿದ್ದಿ ಕಾಪಾಡಬೇಕು ಎಂದು ಬೇಡಿಕೊಳ್ಳುತ್ತಿದ್ದರು. ಬರೆಯುವವನು ತಿದ್ದಿಸಿಕೊಳ್ಳಲು ಸಿದ್ಧನಿದ್ದು, ಓದುವವನು ಮರ್ಯಾದೆಯಿಂದ ತಿದ್ದಿದರೆ ಗ್ರಂಥ ಉಳಿಯುತ್ತದೆ.

ಟ್ರಸ್ಟಿನ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಬೇಡಿಕೆಯನ್ನು ಪತ್ರದ ಮೊದಲ ಸಾಲಿನಲ್ಲಿಯೇ ಬರೆಯಲು ಎಲ್ಲರಿಗೂ ತಿಳಿಸಿರಿ, ವಿವರಗಳು ಅದರ ಹಿಂದೆ ಬರಲಿ. ಬಂದ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿದ ಮೇಲೆಯೇ ಉತ್ತರಿಸಿರಿ. ಉತ್ತರದಲ್ಲಿ ಮೊದಲು ಅವರ ಅಭಿಪ್ರಾಯವನ್ನು ಯಥಾವತ್ತಾಗಿ ಹೇಳಿ, ನಂತರ ನಿಮ್ಮದನ್ನು ಹೇಳಿರಿ. ಸಿಟ್ಟಿನಲ್ಲಿ ಬರೆದುದನ್ನು ಒಂದು ರಾತ್ರಿ ತಡೆದಿಟ್ಟು, ಮರುದಿನದ ಸಾಮಾಯಿಕವಾದ ಮೇಲೆ ಪುನಃ ನೋಡಿರಿ. ಮುದ್ರಣಕ್ಕೆ ಹೋಗುವುದನ್ನು ಕಾಗುಣಿತ ಬಲ್ಲ ಒಬ್ಬರಿಂದ ತಿದ್ದಿಸಿರಿ. ಆದರೆ ಸಭೆಯಲ್ಲಿ ಯಾರ ಕಾಗುಣಿತವನ್ನೂ ಓದಿ ನಗಬೇಡಿರಿ.

ಕಾಕಾ ಇಂದು ಇಲ್ಲ. ಆ ವರ್ಷದ ಕ್ಷಮಾವಾಣಿಯ ದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅವರು ನನ್ನನ್ನು ಒಳಗೆ ಕರೆದು ಕೂಡಿಸಿಕೊಂಡರು, ಆದರೆ ಮತ್ತೆಂದೂ ಕಮಿಟಿಗೆ ಪತ್ರ ಬರೆಯಲಿಲ್ಲ. ಅವರ ಐದು ಪುಟಗಳನ್ನು ನಾನು ಶುದ್ಧಾಕ್ಷರದಲ್ಲಿ ನಕಲು ಮಾಡಿ ದಫ್ತರದಲ್ಲಿ ಇರಿಸಿದ್ದೇನೆ. ಐದನೆಯ ಪುಟದ ಕೊನೆಯ ಸಾಲನ್ನು ಮೊದಲಿಗೆ ತಂದಿದ್ದೇನೆ. ಮೂಲಪ್ರತಿಯನ್ನು ಅದರ ಹಿಂದೆಯೇ ಜೋಡಿಸಿದ್ದೇನೆ. ಹೊಸದಾಗಿ ಕಮಿಟಿಗೆ ಬಂದ ತರುಣರಿಗೆ ಮೊದಲು ಓದಲು ಕೊಡುವುದು ಆ ಮೂಲಪ್ರತಿಯನ್ನೇ.