ಲೋಹಕಾಠಿಣ್ಯ ಮತ್ತು ‘ಆಕಸ್ಮಿಕ’ದ ಕಥೆ

ಡ್ಯುರಾಲ್ಯುಮಿನ್ ಶೋಧವನ್ನು ಕೇವಲ ಆಕಸ್ಮಿಕವೆಂದು ಬಣ್ಣಿಸುವ ವಾಡಿಕೆಯುಂಟು. ಈ ವಿವರಣೆಯನ್ನು ನಾವು ಒಪ್ಪಲಾರೆವು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಅವರು, ಉಕ್ಕಿಗೆ ಸಲ್ಲುವ ಕ್ರಮವನ್ನೇ ಅನುಸರಿಸಿ, ಸುಮಾರು ಶೇಕಡಾ 4ರಷ್ಟು ತಾಮ್ರವನ್ನೂ ಅಲ್ಪ ಮೆಗ್ನೀಸಿಯಮನ್ನೂ ಬೆರೆಸಿದ ಅಲ್ಯೂಮಿನಿಯಮನ್ನು ಕಾಯಿಸಿ ತಟ್ಟನೆ ತಣಿಸಿದರು. ಆಗ ಅದು ಉಕ್ಕಿನಂತೆ ಗಡಸಾಗಲಿಲ್ಲ. ದಿನಗಳು ಕಳೆದು ಅಳೆದಾಗ ಕಾಠಿಣ್ಯ ತಾನಾಗಿ ಹೆಚ್ಚಿತ್ತು. ಎರಡು ಅಳತೆಗಳ ನಡುವೆ ಕಾಲ ಸರಿದುದು ಆಕಸ್ಮಿಕವಿರಬಹುದು. ಮರಳಿ ಅಳೆದುದೂ, ಹೆಚ್ಚಳವನ್ನು ಅಳತೆಯ ದೋಷವೆಂದು ತಳ್ಳಿಹಾಕದೆ ಬೆನ್ನಟ್ಟಿದುದೂ ಆಕಸ್ಮಿಕವಲ್ಲ.

ಕಾರಣವಾದರೋ ಕೂಡಲೆ ತಿಳಿಯಲಿಲ್ಲ. ಘನದ್ರಾವಣದಲ್ಲಿ ಸೆರೆಸಿಕ್ಕ ತಾಮ್ರ ಮೆಲ್ಲನೆ ಬೇರ್ಪಡುವುದೇ ಇದಕ್ಕೆ ಮೂಲವೆಂದು 1919ರಲ್ಲಿ ಮೆರಿಕಾ ಮತ್ತು ಸಂಗಡಿಗರು ತರ್ಕಿಸಿದರು. 1938ರಲ್ಲಿ ಗಿನ್ಯೇ ಮತ್ತು ಪ್ರೆಸ್ಟನ್, ಪ್ರತ್ಯೇಕವಾಗಿ, ತಾಮ್ರದ ಪರಮಾಣುಗಳು ಕೂಡಿದ ಸೂಕ್ಷ್ಮ ವಲಯಗಳನ್ನು ಎಕ್ಸ್-ಕಿರಣಗಳಿಂದ ಗುರುತಿಸಿದರು. ಸ್ಫಟಿಕದ ಪದರಗಳು ಸುಲಭವಾಗಿ ಜಾರದಂತೆ ಈ ವಲಯಗಳು ತಡೆಯುವುದರಿಂದ ಲೋಹ ಬಲಿಯುತ್ತದೆ.

ಆದುದರಿಂದ ಮಿಶ್ರಣದ ಪ್ರಮಾಣವನ್ನಷ್ಟೇ ಬಾಯಿಪಾಠ ಮಾಡಿಸುವ ಬೋಧನೆ ಅಪೂರ್ಣವೆಂದು ನಮ್ಮ ಅಭಿಪ್ರಾಯ. ಅದೇ ಲೋಹ, ಅದೇ ಪ್ರಮಾಣ. ತಣಿಸುವ ವೇಗ, ಇರಿಸುವ ಕಾಲ ಬೇರೆಯಾದರೆ ಬಲವೂ ಬೇರೆ. ಮಿತಿಮೀರಿ ಬಿಸಿಯಲ್ಲಿರಿಸಿದರೆ ಗಳಿಸಿದ ಬಲವೇ ಕುಗ್ಗುವುದು. ಕಾಲವೂ ಒಂದು ಸಂಸ್ಕರಣವೆಂಬುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ತಾವೇ ಅಳೆದು ಕಾಣಬೇಕು.