ಹಾಸಿನ ಮೇಲಿನ ಯುದ್ಧ, ಲೆಕ್ಕಕ್ಕೆ ಬಾರದ ಜನ

ಕಾವ್ಯವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ. ಮಕ್ಕಳು ವರ್ಷಾನುಗಟ್ಟಲೆ ಮನಸ್ಸಿಟ್ಟು ಆಡುವ ಆಟವನ್ನು ಮಾತ್ರ ಒಳ್ಳೆಯದು ಅಥವಾ ಕೆಟ್ಟದ್ದು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಪೂರ್ವಿಕರು ಆಟವನ್ನು ಇಷ್ಟು ಹಗುರವಾಗಿ ಎಣಿಸಿರಲಿಲ್ಲ. ಹಾವು-ಏಣಿಯಾಟದ ಪೂರ್ವರೂಪವಾದ ಜ್ಞಾನಚೌಪಡದ ಜೈನ ಪಟಗಳು ಇಂದಿಗೂ ಉಳಿದಿವೆ. 84 ಮನೆಗಳ ಆ ಪಟಗಳಲ್ಲಿ ಜೀವವು ಪಾಪದಿಂದ ಜಾರುತ್ತ, ಪುಣ್ಯದಿಂದ ಏರುತ್ತ ಸಿದ್ಧಶಿಲೆಯ ಕಡೆಗೆ ಸಾಗುವ ಬಗೆಯನ್ನು ಮಕ್ಕಳ ಕಣ್ಣೆದುರಿಗೆ ಹರಡಿದ್ದಾರೆ. ಹಾಸಿನ ಮೇಲೆ ಯಾವುದಕ್ಕೆ ಮನೆಯಿದೆ, ಯಾವುದಕ್ಕೆ ಇಲ್ಲ ಎಂಬುದರಲ್ಲಿಯೇ ಆಟದ ನೀತಿ ಅಡಗಿರುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಅದೇ ಮಾನದಂಡದಿಂದ ಪರದೇಶದ ಆಟವೊಂದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಟದ ಹೆಸರು 'ಡ್ರ್ಯಾಗನ್ಸ್ ಆಫ್ ಗ್ಲೋರಿ'. ಅಮೆರಿಕದ ಟಿಎಸ್ಆರ್ ಎಂಬ ಸಂಸ್ಥೆಯು 1980ರ ದಶಕದ ಮಧ್ಯಭಾಗದಲ್ಲಿ ಇದನ್ನು ಪ್ರಕಟಿಸಿತು. ಡಗ್ಲಸ್ ನೈಲ್ಸ್ ಮತ್ತು ಟ್ರೇಸಿ ಹಿಕ್‌ಮನ್ ಎಂಬವರು ಇದರ ಕರ್ತೃಗಳು. ಇದು ಸ್ವತಂತ್ರವಾಗಿಯೂ ಆಡಬಹುದಾದ ಯುದ್ಧದ ಆಟ. ಆದರೆ ಇದರ ಮುಖ್ಯ ಪ್ರಯೋಜನವು 'ಡ್ರ್ಯಾಗನ್‌ಲ್ಯಾನ್ಸ್' ಎಂಬ ದೀರ್ಘವಾದ ಪಾತ್ರಾಭಿನಯದ ಆಟಕ್ಕೆ ಪೂರಕವಾಗಿರುವುದು. ಪಾತ್ರಾಭಿನಯದ ಆಟವೆಂದರೇನೆಂಬುದನ್ನು ಮೊದಲು ಹೇಳಬೇಕು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಇನ್ನೊಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಪಾತ್ರಧಾರಿಗಳು ತಮ್ಮ ಮಾತಿನಿಂದಲೂ ನಿರ್ಧಾರಗಳಿಂದಲೂ ಕಥೆಯನ್ನು ಮುಂದುವರಿಸುತ್ತಾರೆ. ಫಲಿತಾಂಶವು ಸಂದಿಗ್ಧವಾದಲ್ಲಿ ದಾಳ ಉರುಳಿಸುತ್ತಾರೆ. ದಾಳವೆಂದೊಡನೆ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತದ ನೆನಪು ಬರುವುದು ಸಹಜ. ಆದರೆ ಇಲ್ಲಿ ಪಣವಿಲ್ಲ, ಹಣವಿಲ್ಲ. ಆದುದರಿಂದ ಇದನ್ನು ದ್ಯೂತವೆನ್ನಲಾಗದು. ಬೆಂಗಳೂರಿನಂತಹ ನಗರಗಳ ವಿದ್ಯಾರ್ಥಿಗಳಿಗೂ ಹೊರದೇಶಗಳಲ್ಲಿ ಬೆಳೆಯುತ್ತಿರುವ ನಮ್ಮವರ ಮಕ್ಕಳಿಗೂ ಇಂಥ ಆಟಗಳು ಈಗ ಅಪರಿಚಿತವಲ್ಲ.

ಈ ಆಟಗಳ ವಂಶಾವಳಿಯನ್ನು ತಿಳಿಯದೆ ಗುಣದೋಷ ನಿರ್ಣಯ ಸಾಧ್ಯವಿಲ್ಲ. 1824ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು ಅಧಿಕಾರಿಗಳ ಶಿಕ್ಷಣಕ್ಕಾಗಿ ನಕ್ಷೆ, ಕಾಯಿ ಮತ್ತು ದಾಳಗಳ ಯುದ್ಧದಾಟವನ್ನು ವ್ಯವಸ್ಥೆಗೊಳಿಸಿದನು. ಅಂದರೆ ಇದರ ಮೂಲಪುರುಷನು ನಿಜವಾದ ಯುದ್ಧದ ಪಾಠಶಾಲೆ. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಅವರು 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಆಟದ ಸೈನಿಕರಿಂದ ಮನೆಯ ನೆಲದ ಮೇಲೆ ಯುದ್ಧವಾಡುವ ನಿಯಮಗಳನ್ನು ಬರೆದರು. ಅವರ ಉದ್ದೇಶ ರೈಸ್‌ವಿಟ್ಸನದಕ್ಕೆ ವಿರುದ್ಧವಾದುದು: ಚಿಕ್ಕ ಯುದ್ಧವನ್ನು ಆಡಿದವನಿಗೆ ದೊಡ್ಡ ಯುದ್ಧವು ಎಂತಹ ಮಹಾಪ್ರಮಾದವೆಂಬುದು ತಿಳಿಯುವುದೆಂದು ಅವರು ವಾದಿಸಿದರು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು.

ನಿಜವಾದ ತಿರುವು ಬಂದುದು 1969ರಲ್ಲಿ. ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ಯುದ್ಧದಾಟವೊಂದರಲ್ಲಿ ಆಟಗಾರರಿಗೆ ಸೈನ್ಯಗಳ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಹಂಚಿದರು. ಆ ಬಳಗದಲ್ಲಿದ್ದ ಡೇವ್ ಆರ್ನೆಸನ್ ಅವರು, 1971ರಲ್ಲಿ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧದಾಟವನ್ನು ಜೆಫ್ ಪೆರೆನ್ ಅವರೊಡನೆ ಪ್ರಕಟಿಸಿದ್ದ ಗ್ಯಾರಿ ಗೈಗ್ಯಾಕ್ಸ್ ಅವರನ್ನು ಕೂಡಿಕೊಂಡು, 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೊದಲ ಪಾತ್ರಾಭಿನಯದ ಆಟವನ್ನು ಹೊರತಂದರು. ಈ ಬದಲಾವಣೆಯನ್ನು ಕೇವಲ ಮನರಂಜನೆಯ ಇತಿಹಾಸವೆಂದು ಬಿಡಲಾಗದು. ಅದುವರೆಗೆ ಸಾವಿರ ಜನಕ್ಕೆ ಒಂದು ಕಾಯಿಯಿತ್ತು. ಈಗ ಒಬ್ಬನಿಗೆ ಒಂದು ಹೆಸರು, ಒಂದು ಮನಸ್ಸು, ಒಂದು ಹಿಂದಿನ ಕಥೆ ಬಂದವು. ಒಬ್ಬನನ್ನು ಹೊಡೆಯುವ ಮೊದಲು ಅವನೊಡನೆ ಮಾತನಾಡುವ ಅವಕಾಶವೂ ಬಂದಿತು.

1984ರಲ್ಲಿ ಆರಂಭವಾದ ಡ್ರ್ಯಾಗನ್‌ಲ್ಯಾನ್ಸ್ ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡಿತು. ಮಾರ್ಗರೆಟ್ ವೈಸ್ ಮತ್ತು ಹಿಕ್‌ಮನ್ ಅವರು ಬರೆದ ಕಾದಂಬರಿಗಳೂ ಆಟದ ಪುಸ್ತಕಗಳೂ ಜೊತೆಜೊತೆಯಾಗಿ ಬಂದವು. ಕ್ರಿನ್ ಎಂಬ ಕಲ್ಪಿತ ಲೋಕದಲ್ಲಿ ತಖೀಸಿಸ್ ಎಂಬ ದುಷ್ಟದೇವತೆಯ ಸೈನ್ಯಗಳು ಆನ್ಸಲಾನ್ ಭೂಖಂಡವನ್ನು ಆಕ್ರಮಿಸುತ್ತವೆ. ಕೆಲವು ಸ್ನೇಹಿತರು ಅದರ ನಡುವೆ ಸಿಲುಕುತ್ತಾರೆ. ಈ ಮಾಲೆಯ ಅತ್ಯುತ್ತಮ ಭಾಗವು ನನ್ನ ದೃಷ್ಟಿಯಲ್ಲಿ ಯುದ್ಧದ್ದಲ್ಲ. ಪ್ಯಾಕ್ಸ್ ಥಾರ್ಕಸ್ ಎಂಬ ಕೋಟೆಯಲ್ಲಿ ಸೆರೆಯಾಗಿದ್ದವರನ್ನು ಬಿಡಿಸಿದ ಮೇಲೆ, ಸುಮಾರು 800 ಮಂದಿ ನಿರಾಶ್ರಿತರನ್ನು ಚಳಿಗಾಲದ ಬೆಟ್ಟಗಳ ನಡುವೆ ನೆಲೆಯಿರುವ ಸ್ಥಳಕ್ಕೆ ಕರೆದೊಯ್ಯುವ ಹೊಣೆ ಆಟಗಾರರ ಮೇಲೆ ಬೀಳುತ್ತದೆ. ಮುದುಕರಿದ್ದಾರೆ, ಹಸುಗೂಸುಗಳಿವೆ, ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ಖಡ್ಗದಿಂದ ಬಗೆಹರಿಯದ ಕಷ್ಟಗಳಿವು. ಹದಿನೈದು ವರ್ಷದ ಹುಡುಗನೊಬ್ಬನು ಆಟದ ನೆಪದಲ್ಲಿ 'ಇವರಿಗೆ ಅನ್ನವೆಲ್ಲಿಂದ ತರಲಿ?' ಎಂದು ಯೋಚಿಸುವಂತಾದರೆ ಅದು ಸಣ್ಣ ಲಾಭವಲ್ಲ.

ಇಂತಹ ಕಥಾಮಾಲೆಯ ಹನ್ನೊಂದನೆಯ ಪುಸ್ತಕವಾಗಿ 'ಡ್ರ್ಯಾಗನ್ಸ್ ಆಫ್ ಗ್ಲೋರಿ' ಬಂದಿತು. ಇದರಲ್ಲಿ ಇಡೀ ಆನ್ಸಲಾನಿನ ನಕ್ಷೆಯಿದೆ. ಸೈನ್ಯಗಳನ್ನು ಸೂಚಿಸುವ ರಟ್ಟಿನ ಕಾಯಿಗಳಿವೆ. ಒಬ್ಬನು ಆಕ್ರಮಣಕಾರರ ಪಕ್ಷವನ್ನೂ ಇನ್ನೊಬ್ಬನು ಅವರನ್ನೆದುರಿಸುವ ವೈಟ್‌ಸ್ಟೋನ್ ಪಕ್ಷವನ್ನೂ ವಹಿಸುತ್ತಾರೆ. ಪಾತ್ರಧಾರಿಗಳ ಕಥೆ ಒಂದು ಮೂಲೆಯಲ್ಲಿ ನಡೆಯುತ್ತಿರುವಾಗ ಉಳಿದ ಭೂಖಂಡದಲ್ಲಿ ಯುದ್ಧದ ಗತಿಯೇನೆಂಬುದನ್ನು ಇದರಿಂದ ತಿಳಿಯಬಹುದು. ಇದರ ಗುಣವನ್ನು ಮೊದಲು ಒಪ್ಪಬೇಕು. ಪಾತ್ರಾಭಿನಯದ ಆಟದಲ್ಲಿ ನಾಲ್ಕು ಜನರ ಶೌರ್ಯವೇ ಲೋಕವನ್ನು ನಡೆಸುತ್ತಿದೆಯೆಂಬ ಅಹಂಕಾರ ಬೆಳೆಯುವ ಅಪಾಯವುಂಟು. ನಕ್ಷೆಯನ್ನು ಹರಡಿದಾಗ, ತಾನು ಗೆದ್ದ ಕೋಟೆಯು ಒಂದು ಬೆರಳಿನಷ್ಟೂ ಅಗಲವಿಲ್ಲವೆಂಬುದು ಕಾಣುತ್ತದೆ. ಒಬ್ಬ ಅರಸನ ಹಟದಿಂದ ಎಷ್ಟು ದೂರದ ಊರಿಗೆ ಆಪತ್ತು ಬರುತ್ತದೆಂಬುದೂ ಕಾಣುತ್ತದೆ.

ದೋಷವೂ ಅದೇ ನಕ್ಷೆಯಲ್ಲಿದೆ. ನಕ್ಷೆಯ ಆಟದ ಕಾಯಿಯು ಸೈನ್ಯದ ಬಲವನ್ನೂ ನಡೆಯನ್ನೂ ಹೇಳುತ್ತದೆ. ಹಿಂದೆ ಬರುವ ನಿರಾಶ್ರಿತರಿಗೆ ಅಲ್ಲಿ ಹೇಳುವ ಬಾಯಿಯಿಲ್ಲ. 800 ಮಂದಿಯ ಆ ದೀರ್ಘಯಾತ್ರೆಯು ಭೂಖಂಡದ ಅಳತೆಯಲ್ಲಿ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ವ್ಯಾಪಾರಿಗಳಾದ ನಮಗೆ ಇದು ಬೇಗ ತಿಳಿಯಬೇಕಾದ ಸಂಗತಿ. ಲೆಕ್ಕದ ಪುಸ್ತಕದಲ್ಲಿ ಯಾವ ಖರ್ಚಿಗೆ ಬಾಬತ್ತು ತೆರೆದಿಲ್ಲವೋ ಆ ಖರ್ಚು ಆಖೈರು ಲೆಕ್ಕದಲ್ಲಿ ಕಾಣಿಸುವುದಿಲ್ಲ. ಕಾಣಿಸದ ಮಾತ್ರಕ್ಕೆ ಹಣ ಹೋಗಿಲ್ಲವೆಂದಲ್ಲ. ಯುದ್ಧದ ಆಟವು ತೆರೆಯದೆ ಬಿಟ್ಟ ಬಾಬತ್ತು ಇದು. ಇದೇ ಕಥೆಯಲ್ಲಿ ಸ್ಟರ್ಮ್ ಎಂಬ ಸೊಲಾಮ್ನಿಯದ ಯೋಧನು ಕೋಟೆಯ ಗೋಡೆಯ ಮೇಲೆ ಒಬ್ಬಂಟಿಯಾಗಿ ನಿಂತು, ಹಿಂದೆ ತನ್ನ ಗೆಳತಿಯಾಗಿದ್ದ ಕಿಟಿಯಾರಳ ಕೈಯಿಂದಲೇ ಸಾಯುತ್ತಾನೆ. ಕಾದಂಬರಿಯ ಓದುಗರು ಬಹುಕಾಲ ಮರೆಯದ ಸನ್ನಿವೇಶವಿದು. ನಕ್ಷೆಯ ಮೇಲೆ ಆ ಕೋಟೆಯು ಹಿಡಿಯಬೇಕಾದ ಒಂದು ಮನೆ ಮಾತ್ರ.

ಇನ್ನೊಂದು ದೋಷವು ಹೆಚ್ಚು ಗಹನವಾದುದು. ಅದು ಪೂರಕದ ಆಟಕ್ಕೆ ಮಾತ್ರವಲ್ಲ, ಮೂಲದ ಆಟಕ್ಕೂ ಸೇರಿದ್ದು. ಆಕ್ರಮಣಕಾರರ ಸೈನ್ಯದಲ್ಲಿ ಡ್ರಾಕೋನಿಯನ್ ಎಂಬ ಜೀವಿಗಳಿವೆ. ಸಜ್ಜನ ಡ್ರ್ಯಾಗನ್‌ಗಳ ಮೊಟ್ಟೆಗಳನ್ನು ಕದ್ದು, ಮೊಟ್ಟೆಯೊಳಗಿನ ಜೀವವನ್ನು ಮಂತ್ರದಿಂದ ಕೆಡಿಸಿ ಇವನ್ನು ಹುಟ್ಟಿಸಿದ್ದಾರೆ. ಮೊಟ್ಟೆಗಳ ಕ್ಷೇಮಕ್ಕಾಗಿ ತಾಯ್ತಂದೆಗಳು ಯುದ್ಧದಿಂದ ದೂರವಿರುವುದಾಗಿ ಪ್ರತಿಜ್ಞೆ ಮಾಡಿದ್ದವು; ಆ ಪ್ರತಿಜ್ಞೆಗೆ ಕೊಟ್ಟ ಮಾತು ಮೊದಲೇ ಮುರಿದಿತ್ತು. ಹೀಗಿರುವಾಗ ಡ್ರಾಕೋನಿಯನ್ನರಿಗಿಂತ ಹೆಚ್ಚು ಅನ್ಯಾಯಕ್ಕೊಳಗಾದವರು ಆ ಲೋಕದಲ್ಲಿ ಯಾರು? ಆದರೂ ಅವರನ್ನು ಕೊಲ್ಲುವುದಕ್ಕೆ ಆಟಗಾರನು ಒಂದು ಕ್ಷಣವೂ ಹಿಂಜರಿಯಬೇಕಾಗಿಲ್ಲ. ಅವರು ಸಾಯುವುದಕ್ಕೆಂದೇ ಅಲ್ಲಿದ್ದಾರೆ. ಕರುಣೆ ಹುಟ್ಟಬೇಕಾದ ಸ್ಥಳವನ್ನು ಕಥೆಗಾರರೇ ನಿರ್ಮಿಸಿ, ಆ ಬಾಗಿಲನ್ನು ತಾವೇ ಮುಚ್ಚಿದಂತಾಯಿತು. 1996ರಲ್ಲಿ ವೈಸ್ ಅವರು ಡಾನ್ ಪೆರಿನ್ ಅವರೊಡನೆ ಬರೆದ 'ದಿ ಡೂಮ್ ಬ್ರಿಗೇಡ್' ಕಾದಂಬರಿಯಲ್ಲಿ ಡ್ರಾಕೋನಿಯನ್ನರ ಪಡೆಯೊಂದನ್ನೇ ಕಥಾನಾಯಕರನ್ನಾಗಿ ಮಾಡಿದರು. ಮುಚ್ಚಿದ ಬಾಗಿಲು ತಡವಾಗಿಯಾದರೂ ತೆರೆಯಿತೆನ್ನಬೇಕು.

ಇಲ್ಲಿ ನಮ್ಮ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಎದುರಿಸಬೇಕು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು. ಆದರೂ ಭವಭವಗಳಲ್ಲಿ ದುಃಖವನ್ನುಂಡನು. ಹಾಗಾದರೆ ರಟ್ಟಿನ ಸೈನಿಕನನ್ನು ಹೊಡೆಯುವುದೂ ಸಂಕಲ್ಪಹಿಂಸೆಯೆ? ನನಗೆ ಹಾಗೆ ತೋರುವುದಿಲ್ಲ. ಯಶೋಧರನು ಹಿಟ್ಟಿನಲ್ಲಿ ಕೋಳಿಯನ್ನು ಭಾವಿಸಿ, ಆ ಕೊಲೆಯಿಂದ ಫಲವನ್ನು ಬಯಸಿ ಕತ್ತಿಯೆತ್ತಿದನು. ರಟ್ಟಿನ ಕಾಯಿಯನ್ನು ತೆಗೆದಿಡುವ ಹುಡುಗನಿಗೆ ಯಾರ ಪ್ರಾಣದ ಮೇಲೂ ಬಯಕೆಯಿಲ್ಲ. ಆದರೆ ಇಷ್ಟಕ್ಕೇ ಆಟವು ನಿರ್ದೋಷವಾಗುವುದಿಲ್ಲ. ಅನರ್ಥದಂಡಗಳಲ್ಲಿ ಅಪಧ್ಯಾನ, ದುಃಶ್ರುತಿಗಳನ್ನು ಆಚಾರ್ಯರು ಎಣಿಸಿರುವುದು, ಕೈಯಿಂದ ನಡೆಯದ ಕೃತ್ಯವೂ ಚಿತ್ತವನ್ನು ರೂಪಿಸುತ್ತದೆಂಬ ಕಾರಣದಿಂದ. ಆದುದರಿಂದ 'ಈ ಆಟದಲ್ಲಿ ಕೊಲೆಯಿದೆಯೆ?' ಎಂದು ಕೇಳಿ ಸುಮ್ಮನಾಗುವುದು ಸಾಲದು. 'ಯಾರನ್ನು ಕಾಣದಿರುವಂತೆ ಈ ಆಟವು ಕಣ್ಣನ್ನು ಪಳಗಿಸುತ್ತದೆ?' ಎಂದು ಕೇಳಬೇಕು.

ಈ ಪ್ರಶ್ನೆಗೆ ಆಟದ ಪ್ರಪಂಚದಿಂದಲೇ ಒಂದು ಉತ್ತರ ಬಂದಿದೆ. ಟಿಎಸ್ಆರ್ ಸಂಸ್ಥೆಯನ್ನು 1997ರಲ್ಲಿ ಕೊಂಡುಕೊಂಡ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು 2022ರಲ್ಲಿ ಡ್ರ್ಯಾಗನ್‌ಲ್ಯಾನ್ಸಿಗೆ ಹೊಸ ಕಥಾಪುಸ್ತಕವನ್ನೂ, ಅದಕ್ಕೆ ಪೂರಕವಾಗಿ 'ವಾರಿಯರ್ಸ್ ಆಫ್ ಕ್ರಿನ್' ಎಂಬ ಹಾಸಿನ ಆಟವನ್ನೂ ಹೊರತಂದಿತು. ರಾಬ್ ಡೇವಿಯೊ ಮತ್ತು ಸ್ಟೀಫನ್ ಬೇಕರ್ ಅವರು ಇದರ ಕರ್ತೃಗಳು. ಇಲ್ಲಿ ಆಟಗಾರರೆಲ್ಲರೂ ಒಂದೇ ಪಕ್ಷದವರು. ಸೈನ್ಯಗಳು ಹೋರಾಡುತ್ತಿರುವ ನಡುವೆ ಪ್ರತಿಯೊಬ್ಬನಿಗೂ ತನ್ನದೇ ಆದ ಪಾತ್ರವುಂಟು. ಕಥೆಯಲ್ಲಿ ಮಹಾಯುದ್ಧದ ಸನ್ನಿವೇಶ ಬಂದಾಗ ಹಾಸನ್ನು ಹರಡಿ ಆಡಿ, ಅದರ ಫಲವನ್ನು ಮತ್ತೆ ಕಥೆಗೆ ಒಯ್ಯುತ್ತಾರೆ. ಕಥೆಯ ಮೊದಲ ದೊಡ್ಡ ಸಂಕಟವೇ ವೋಗ್ಲರ್ ಎಂಬ ಹಳ್ಳಿಯ ಜನರನ್ನು ಆಕ್ರಮಣಕ್ಕೆ ಮುಂಚೆ ದೋಣಿಗಳಲ್ಲಿ ಕಲಮಾನ್ ನಗರದ ಕಡೆಗೆ ಪಾರುಮಾಡುವುದು. ಊರು ಹೋದರೂ ಜನ ಉಳಿಯಬೇಕು ಎಂಬುದು ಅಲ್ಲಿನ ಗುರಿ. ಹಿಂದಿನ ಆಟವು ಕೈಬಿಟ್ಟ ಬಾಬತ್ತನ್ನು ಈ ಆಟವು ತೆರೆದಿದೆ.

ಆದರೂ ಲಾಭದ ಜೊತೆಗೆ ಒಂದು ನಷ್ಟವೂ ಆಗಿದೆ. ಹಳೆಯ ಆಟದಲ್ಲಿ ಶತ್ರುಪಕ್ಷಕ್ಕೆ ಎದುರು ಕುಳಿತ ಗೆಳೆಯನೇ ಒಡೆಯನಾಗಿದ್ದನು. ಮುಂದಿನ ಸಲ ಪಕ್ಷ ಬದಲಿಸಿದರೆ, ನಿನ್ನೆ ಶತ್ರುವೆಂದು ಕಂಡ ಸೈನ್ಯದ ಭಯವೇನು, ಅದಕ್ಕಿರುವ ದಾರಿಗಳೆಷ್ಟು ಎಂಬುದನ್ನು ಆ ಕಡೆಯ ಕುರ್ಚಿಯಲ್ಲಿ ಕುಳಿತು ಯೋಚಿಸಲೇಬೇಕಾಗಿತ್ತು. ಅನೇಕಾಂತದ ಅಭ್ಯಾಸಕ್ಕೆ ಇದು ದೂರದ ನೆಂಟಸ್ತಿಕೆಯುಳ್ಳದ್ದು. ಹೊಸ ಆಟದಲ್ಲಿ ಶತ್ರುವಿನ ಪರವಾಗಿ ಯೋಚಿಸುವ ಮನುಷ್ಯನಿಲ್ಲ. ಆಟದ ನಿಯಮಗಳೇ ಆ ಸೈನ್ಯವನ್ನು ನಡೆಸುತ್ತವೆ. ನಮ್ಮ ಕಡೆಯ ಜನ ಕಣ್ಣಿಗೆ ಬಿದ್ದರು. ಆ ಕಡೆಯ ಜನ ಮೊದಲಿಗಿಂತಲೂ ಮರೆಯಾದರು. ಎರಡು ಆಟಗಳ ಗುಣಗಳನ್ನೂ ಒಂದೇ ಹಾಸಿನ ಮೇಲೆ ಕೂಡಿಸುವ ಕೆಲಸ ಬಾಕಿಯುಳಿದಿದೆ.

ಪಾಠಶಾಲೆಗಳನ್ನೂ ರಜಾಕಾಲದ ಶಿಬಿರಗಳನ್ನೂ ನಡೆಸುವ ಬಸದಿಗಳ ಆಡಳಿತ ಮಂಡಳಿಗಳಿಗೆ, ಹಾಗೆಯೇ ತಂದೆತಾಯಿಗಳಿಗೆ ಒಂದು ವಿಜ್ಞಾಪನೆಯಿದೆ. ಇಂಥ ಆಟವನ್ನು ನಿಷೇಧಿಸುವುದು ಸುಲಭ. ನಿಷೇಧದಿಂದ ಮಕ್ಕಳು ಬೇರೆಲ್ಲಿಯಾದರೂ ಒಂಟಿಯಾಗಿ ಆಡುತ್ತಾರೆಯೇ ಹೊರತು ಬಿಡುವುದಿಲ್ಲ. ಅದಕ್ಕಿಂತ, ಆಟ ಮುಗಿದ ಸಂಜೆ ಪಕ್ಕದಲ್ಲಿ ಕುಳಿತು ವಿಚಾರಿಸೋಣ: ಆ ಕೋಟೆ ಬಿದ್ದಾಗ ಒಳಗಿದ್ದ ಜನ ಎಲ್ಲಿಗೆ ಹೋದರು? ಮೊಟ್ಟೆ ಕಳೆದುಕೊಂಡ ತಾಯಿ ತನ್ನ ಮಕ್ಕಳನ್ನು ಶತ್ರುಸೈನ್ಯದಲ್ಲಿ ಕಂಡಾಗ ಏನು ಮಾಡಬೇಕು? ಹದಿನಾಲ್ಕು-ಹದಿನೈದರ ಮಕ್ಕಳು ಇಂಥ ಪ್ರಶ್ನೆಗಳಿಗೆ ಗಂಟೆಗಟ್ಟಲೆ ಉತ್ತರ ಹುಡುಕಬಲ್ಲರು. ಮುಂದಿನ ವಾರದ ಕಥೆಗೆ ಅವುಗಳನ್ನು ತಾವೇ ಸೇರಿಸಿಯೂ ಬಿಡಬಲ್ಲರು. ಆ ಆಟದ ನಿಯಮಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ.